ಜಾಲತಾಣಗಳ ಸ್ಥಾನಾಂತರ: ಒಂದು ಚಾರಿತ್ರಿಕ ವಿಮರ್ಶೆ

೧

ಗ್ರಂಥವನ್ನು ಹಳೆಯ ಆಶ್ರಯದಿಂದ ಹೊಸ ಆಶ್ರಯಕ್ಕೆ ಸಾಗಿಸುವ ಕಾರ್ಯವು ನಮ್ಮ ದೇಶದಲ್ಲಿ ಹೊಸದಲ್ಲ. ತಾಳೆಯ ಗರಿಯು ನಮ್ಮ ಹವೆಯಲ್ಲಿ ಕೆಲವು ಶತಮಾನಗಳಿಗಿಂತ ಹೆಚ್ಚಾಗಿ ಬಾಳುವುದು ಅಪೂರ್ವ. ಹುಳುವೂ ತೇವವೂ ಬೆಂಕಿಯೂ ಅದಕ್ಕಾಗಿ ಸದಾ ಹೊಂಚುತ್ತಿರುವುವು. ಆದುದರಿಂದ ಹಳೆಯ ಪ್ರತಿಯು ಜೀರ್ಣವಾಗುವುದಕ್ಕೆ ಮುಂಚೆಯೇ ಅದನ್ನು ಹೊಸ ಗರಿಗಳಲ್ಲಿ ಎತ್ತಿ ಬರೆಯುವುದು ವಿದ್ಯಾಸ್ಥಾನಗಳ ನಿತ್ಯಕರ್ಮಗಳಲ್ಲಿ ಒಂದಾಗಿದ್ದಿತು. ಮೂಡಬಿದಿರೆಯ ಬಸದಿಯಲ್ಲಿ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದು ಬಂದ ಷಟ್ಖಂಡಾಗಮದ ಧವಳಾ ಟೀಕೆಯು ೧೯೩೯ನೆಯ ಇಸವಿಯಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಲೋಕಕ್ಕೆ ದೊರೆತುದು ಇಂತಹ ಪ್ರತಿಲೇಖನದಿಂದಲೇ. ಪ್ರತಿಮಾಡಿದವರು ಮೂಲವನ್ನು ಕೆಡಿಸಲಿಲ್ಲ. ಅದು ಬಸದಿಯಲ್ಲಿಯೇ ಉಳಿಯಿತು. ಈ ಒಂದು ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಗಮವಾಗುವುದು.

ಈ ಕಾಲದಲ್ಲಿ ಬರಹದ ಬಹುಭಾಗವು ಗರಿಯ ಮೇಲೂ ಇಲ್ಲ, ಕಾಗದದ ಮೇಲೂ ಇಲ್ಲ. ಅದು ಅಂತರಜಾಲದ ತಾಣಗಳಲ್ಲಿ, ಎಂದರೆ ಯಾವುದೋ ದೂರದ ಊರಿನ ಗಣಕಯಂತ್ರಗಳಲ್ಲಿ ಇರುವುದು. ಆ ಯಂತ್ರಕ್ಕೆ ಸರ್ವರ್ ಎಂದೂ, ಅದನ್ನು ಬಾಡಿಗೆಗೆ ಕೊಡುವವನಿಗೆ ಆತಿಥೇಯನೆಂದೂ ಹೆಸರು. ಬಾಡಿಗೆ ಏರಬಹುದು, ಯಂತ್ರ ಹಳತಾಗಬಹುದು, ಆತಿಥೇಯನು ಅಂಗಡಿಯನ್ನೇ ಮುಚ್ಚಬಹುದು. ಆಗ ಬರಹವು ಹೊಸ ಮನೆಗೆ ಹೋಗಬೇಕಾಗುವುದು. ಇಂತಹ ಸ್ಥಾನಾಂತರಗಳಲ್ಲಿ ಕೆಲವು ನಿರಪಾಯವಾಗಿ ನೆರವೇರಿದುವು; ಕೆಲವು ಒಂದು ತಲೆಮಾರಿನ ಕೃತಿಗಳನ್ನೇ ನುಂಗಿದುವು. ಇವೆರಡಕ್ಕೂ ಇರುವ ಅಂತರವು ಯಂತ್ರದ್ದಲ್ಲ, ಕ್ರಮದ್ದು. ಮತ್ತು ಬರಹದ ಹೆಸರೂ ಪ್ರತಿಯೂ ಯಾರ ಕೈಯಲ್ಲಿದ್ದುವು ಎಂಬುದರದು. ಇದನ್ನು ಕಳೆದ ನಾಲ್ವತ್ತು ವರ್ಷಗಳ ಇತಿಹಾಸದಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನಾಮಕ್ಕೂ ಸ್ಥಾನಕ್ಕೂ ಇರುವ ಭೇದವನ್ನು ತಿಳಿಯಬೇಕು. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕಿಯ ವಿಳಾಸವುಂಟು. ಮನುಷ್ಯನಿಗೆ ಅಂಕಿಗಳು ನೆನಪಿನಲ್ಲಿ ನಿಲ್ಲವಾದುದರಿಂದ ಅದಕ್ಕೆ ಒಂದು ಹೆಸರನ್ನೂ ಕೊಡುವರು. ಅಮೆರಿಕದ ಆರ್ಪಾನೆಟ್ ಎಂಬ ಮೂಲಜಾಲದಲ್ಲಿ ಹೆಸರುಗಳನ್ನೂ ಅಂಕಿಗಳನ್ನೂ ಜೋಡಿಸಿದ ಒಂದೇ ಒಂದು ಪಟ್ಟಿಯಿದ್ದಿತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿ ಅದನ್ನು ಇಟ್ಟುಕೊಂಡು ಬಂದರು. ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ ಇದು ಸಾಕಾಗಿತ್ತು. ಅವು ನೂರಾರಾದ ಮೇಲೆ ಒಂದು ಯಂತ್ರವು ಸ್ಥಳ ಬದಲಾಯಿಸಿದರೂ ಪಟ್ಟಿಯನ್ನು ತಿದ್ದಿ ಎಲ್ಲರೂ ಮರಳಿ ಪ್ರತಿಮಾಡಿಕೊಳ್ಳಬೇಕಾಗುತ್ತಿತ್ತು.

೧೯೮೩ನೆಯ ಇಸವಿಯ ನವೆಂಬರಿನಲ್ಲಿ ಪಾಲ್ ಮೋಕಪೆಟ್ರಿಸ್ ಎಂಬ ವಿದ್ವಾಂಸನು ಇದಕ್ಕೆ ಪರಿಹಾರವನ್ನು ಸೂಚಿಸಿದನು. ಅದಕ್ಕೆ ಡೊಮೇನ್ ನಾಮವ್ಯವಸ್ಥೆಯೆಂದು ಹೆಸರಾಯಿತು; ೧೯೮೭ರಲ್ಲಿ ಅದು ಪರಿಷ್ಕೃತವಾಯಿತು. ಇದರಂತೆ ಪ್ರತಿಯೊಂದು ಹೆಸರಿನ ಅಧಿಕಾರವೂ ಆ ಹೆಸರಿನ ಒಡೆಯನಿಗೆ ಸೇರಿದುದು. ಅದು ಯಾವ ಅಂಕಿಯನ್ನು ಸೂಚಿಸಬೇಕೆಂಬುದನ್ನು ಅವನೇ ನಿರ್ಣಯಿಸುವನು. ದೇವದತ್ತನು ಕೇರಿಯನ್ನು ಬದಲಾಯಿಸಿದ ಮಾತ್ರಕ್ಕೆ ಅವನ ಹೆಸರು ಬದಲಾಗುವುದಿಲ್ಲವಷ್ಟೆ. ಹಾಗೆಯೇ ತಾಣವೂ ಹೆಸರನ್ನು ಉಳಿಸಿಕೊಂಡು ಮನೆಯನ್ನು ಬದಲಾಯಿಸಲು ಸಾಧ್ಯವಾಯಿತು.

ಈ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವಿದೆ. ಹೆಸರಿಗೆ ದೊರೆಯುವ ಪ್ರತಿಯೊಂದು ಉತ್ತರಕ್ಕೂ ಒಂದು ಆಯುಸ್ಸನ್ನು ಸೆಕೆಂಡುಗಳಲ್ಲಿ ಹೇಳಿರುವರು. ಆಯುಸ್ಸು ೮೬,೪೦೦ ಸೆಕೆಂಡುಗಳೆಂದಿದ್ದರೆ, ಉತ್ತರವನ್ನು ಒಮ್ಮೆ ಪಡೆದ ಯಂತ್ರವು ಒಂದು ದಿನದವರೆಗೂ ಮತ್ತೆ ಕೇಳದೆ ಹಳೆಯ ಮನೆಗೇ ಹೋಗಬಹುದು. ಆದುದರಿಂದ ತಿಳಿದವರು ಸ್ಥಾನಾಂತರಕ್ಕೆ ಒಂದೆರಡು ದಿನ ಮುಂಚೆಯೇ ಆ ಆಯುಸ್ಸನ್ನು ೩೦೦ ಸೆಕೆಂಡುಗಳಿಗೆ ಇಳಿಸುವರು. ಇದನ್ನು ಮರೆತವರ ತಾಣದಲ್ಲಿ ಕೆಲವು ವಾಚಕರು ಹೊಸ ಮನೆಯಲ್ಲಿಯೂ ಕೆಲವರು ಹಳೆಯ ಮನೆಯಲ್ಲಿಯೂ ಇರುವರು; ಆ ಅವಧಿಯಲ್ಲಿ ಹಳೆಯ ಮನೆಯಲ್ಲಿ ಬರೆದುದು ಹೊಸ ಮನೆಗೆ ಬಾರದೆ ನಷ್ಟವಾಗುವುದು.

೩

ಟಿಮ್ ಬರ್ನರ್ಸ್‌ಲೀ ಎಂಬವನು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ೧೯೮೯ರ ಮಾರ್ಚಿಯಲ್ಲಿ ಸೂಚಿಸಿ ೧೯೯೧ರಲ್ಲಿ ಲೋಕಕ್ಕೆ ತಿಳಿಸಿದ ವಿಶ್ವಜಾಲದಲ್ಲಿ ತಾಣಕ್ಕೆ ಮಾತ್ರವಲ್ಲದೆ ಒಂದೊಂದು ಪುಟಕ್ಕೂ ಒಂದೊಂದು ವಿಳಾಸವು ಪ್ರಾಪ್ತವಾಯಿತು. ಒಂದು ಪುಟವು ಇನ್ನೊಂದನ್ನು ಈ ವಿಳಾಸದಿಂದಲೇ ಉಲ್ಲೇಖಿಸುವುದು. ಹೀಗಿರಲು ಪುಟದ ವಿಳಾಸವು ಕೆಟ್ಟರೆ ಅದನ್ನು ಉಲ್ಲೇಖಿಸಿದ ಎಲ್ಲ ಬರಹಗಳೂ ಕುರುಡಾಗುವುವು. ೧೯೯೬ರ ಮೇ ತಿಂಗಳಲ್ಲಿ ಪ್ರಕಟವಾದ ಜಾಲಸಂವಾದದ ನಿಯಮಪತ್ರದಲ್ಲಿ ಇದಕ್ಕೆ ಪ್ರತೀಕಾರವೂ ಹೇಳಿದೆ. ಕೇಳಿದ ಪುಟವು ಸಿಕ್ಕದಿದ್ದರೆ ಯಂತ್ರವು ೪೦೪ ಎಂಬ ಸಂಕೇತವನ್ನು ಕೊಡುವುದು. ಪುಟವು ಶಾಶ್ವತವಾಗಿ ಬೇರೆಡೆಗೆ ಹೋಗಿದ್ದರೆ ೩೦೧ ಎಂಬ ಸಂಕೇತದೊಡನೆ ಹೊಸ ವಿಳಾಸವನ್ನು ತಿಳಿಸುವುದು. ಊರು ಬಿಟ್ಟು ಹೋಗುವವನು ನೆರೆಮನೆಯವರಿಗೆ ತನ್ನ ಹೊಸ ಊರಿನ ಹೆಸರನ್ನು ಹೇಳಿಹೋಗುವುದಕ್ಕೆ ಸಮಾನವಾದ ಮರ್ಯಾದೆಯಿದು. ಒಳ್ಳೆಯ ವಿಳಾಸವು ಬದಲಾಗಬಾರದೆಂದು ಪ್ರತಿಪಾದಿಸಿ ಬರ್ನರ್ಸ್‌ಲೀ ೧೯೯೮ರಲ್ಲಿ ಒಂದು ಕಿರುಪ್ರಬಂಧವನ್ನೇ ಬರೆದನು.

ಆದರೆ ಈ ವಿಷಯದಲ್ಲಿ ಆದ್ಯತಾಣವೇ ಪ್ರಮಾದಕ್ಕೆ ಗುರಿಯಾಯಿತು. ಸರ್ನ್ ಸಂಸ್ಥೆಯ ಪ್ರಥಮ ಜಾಲತಾಣದ ಪುಟಗಳು ತಮ್ಮ ಮೂಲ ವಿಳಾಸದಲ್ಲಿ ಅನೇಕ ವರ್ಷಗಳ ಕಾಲ ದೊರೆಯುತ್ತಿರಲಿಲ್ಲ. ವಿಶ್ವಜಾಲವನ್ನು ಸರ್ವರಿಗೂ ಮುಕ್ತವಾಗಿ ಬಿಟ್ಟುಕೊಟ್ಟು ಇಪ್ಪತ್ತು ವರ್ಷಗಳಾದ ಸಂದರ್ಭದಲ್ಲಿ, ೨೦೧೩ರ ಏಪ್ರಿಲಿನಲ್ಲಿ, ಸಂಸ್ಥೆಯವರು ಅವನ್ನು ಅದೇ ವಿಳಾಸದಲ್ಲಿ ಪುನಃ ಪ್ರತಿಷ್ಠಾಪಿಸಿದರು. ಆಗ ಅವರು ಇಟ್ಟುದು ೧೯೯೧ರ ಮೂಲವಲ್ಲ, ೧೯೯೨ರ ಪ್ರತಿ. ಬಹುಸಂಖ್ಯೆಯ ಪ್ರಾಚೀನ ಗ್ರಂಥಗಳಲ್ಲಿ ಕವಿಯ ಸ್ವಹಸ್ತಾಕ್ಷರವು ದೊರೆಯದೆ ತರುವಾಯದ ಪ್ರತಿಯಿಂದಲೇ ಪಾಠವನ್ನು ನಿರ್ಣಯಿಸಬೇಕಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹುಟ್ಟಿ ಕಾಲು ಶತಮಾನವೂ ತುಂಬದ ಮಾಧ್ಯಮಕ್ಕೂ ಅದೇ ಅವಸ್ಥೆ ಬಂದುದು ಆಶ್ಚರ್ಯಕರ.

೪

ಹೆಸರು ತನ್ನದಲ್ಲದವನ ಗತಿಯೇನೆಂಬುದಕ್ಕೆ ಜಿಯೋಸಿಟೀಸ್ ಎಂಬ ತಾಣದ ವೃತ್ತಾಂತವೇ ನಿದರ್ಶನ. ೧೯೯೪ರಲ್ಲಿ ಡೇವಿಡ್ ಬಾನೆಟ್, ಜಾನ್ ರೆಜ್ನರ್ ಎಂಬವರು ಆರಂಭಿಸಿದ ಈ ಸಂಸ್ಥೆಯು ಜನಸಾಮಾನ್ಯರಿಗೆ ಹಣವಿಲ್ಲದೆ ಪುಟಗಳನ್ನು ಕೊಟ್ಟಿತು. ಅದು ತನ್ನ ಜಾಗವನ್ನು ಹಾಲಿವುಡ್, ಸಿಲಿಕಾನ್ ವ್ಯಾಲಿ ಮುಂತಾದ ಕೇರಿಗಳಾಗಿ ವಿಂಗಡಿಸಿ, ನಿವಾಸಿಗೆ ಕೇರಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ವಿಳಾಸವಾಗಿ ಕೊಡುತ್ತಿದ್ದಿತು. ಆಗ ಇದು ಬಹಳ ಮನೋಹರವಾಗಿ ಕಂಡಿತು. ಆದರೆ ಆ ವಿಳಾಸವು ನಿವಾಸಿಯದಲ್ಲ, ಜಮೀನುದಾರನದು. ೧೯೯೯ರಲ್ಲಿ ಯಾಹೂ ಸಂಸ್ಥೆಯು ಸುಮಾರು ೩೫೦ ಕೋಟಿ ಡಾಲರುಗಳ ಬೆಲೆಗೆ ಅದನ್ನು ಕೊಂಡುಕೊಂಡಿತು. ೨೦೦೯ರ ಏಪ್ರಿಲಿನಲ್ಲಿ ಅದನ್ನು ಮುಚ್ಚುವುದಾಗಿ ಸಾರಿತು. ಅದೇ ವರ್ಷದ ಅಕ್ಟೋಬರಿನ ಕೊನೆಯಲ್ಲಿ ಮುಚ್ಚಿಯೂ ಬಿಟ್ಟಿತು. ಜಪಾನಿನ ಶಾಖೆಯೊಂದು ಮಾತ್ರ ೨೦೧೯ರ ಮಾರ್ಚಿಯವರೆಗೆ ಬದುಕಿತು.

ನಿವಾಸಿಗಳು ತಮ್ಮ ಪುಟಗಳನ್ನು ಇಳಿಸಿಕೊಂಡು ಹೋಗಲು ಆರು ತಿಂಗಳು ಅವಕಾಶವಿದ್ದುದು ನಿಜ. ಆದರೂ ಅವರು ಪುಟವನ್ನು ಒಯ್ಯಬಹುದಾಗಿತ್ತೇ ಹೊರತು ವಿಳಾಸವನ್ನು ಒಯ್ಯುವಂತಿರಲಿಲ್ಲ. ಇತರರು ಮಾಡಿದ್ದ ಉಲ್ಲೇಖಗಳೆಲ್ಲ ಶೂನ್ಯವನ್ನು ತೋರಿಸತೊಡಗಿದುವು. ಪುಟವನ್ನು ಬರೆದು ಮರೆತವರ, ಮತ್ತು ತೀರಿಕೊಂಡವರ ಪರವಾಗಿ ಒಯ್ಯುವವರೇ ಇರಲಿಲ್ಲ. ಆಗ ಜೇಸನ್ ಸ್ಕಾಟ್ ಎಂಬವನು ಅದೇ ವರ್ಷ ಕಟ್ಟಿದ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಕೂಟವೂ, ಬ್ರೂಸ್ಟರ್ ಕೇಲ್ ೧೯೯೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಎಂಬ ಭಂಡಾರವೂ ಸಾಧ್ಯವಾದಷ್ಟನ್ನು ಪ್ರತಿಮಾಡಿಕೊಂಡುವು. ಇಂದು ಜಿಯೋಸಿಟೀಸಿನಲ್ಲಿ ಏನಿದ್ದಿತೆಂದು ತಿಳಿಯುತ್ತಿರುವುದು ಈ ಅನ್ಯರ ಶ್ರಮದಿಂದ.

೫

ಜಿಯೋಸಿಟೀಸಿನಲ್ಲಿ ಆದುದು ಉದ್ದೇಶಪೂರ್ವಕವಾದ ಮುಚ್ಚುವಿಕೆ. ಮುಚ್ಚುವ ಇಚ್ಛೆಯಿಲ್ಲದೆ, ಸಾಗಣೆಯಲ್ಲಿಯೇ ನಷ್ಟವಾದ ದೃಷ್ಟಾಂತವು ಇದಕ್ಕಿಂತಲೂ ಶೋಚನೀಯ. ೨೦೦೩ರಲ್ಲಿ ಆರಂಭವಾದ ಮೈಸ್ಪೇಸ್ ಎಂಬ ತಾಣದಲ್ಲಿ ಅಜ್ಞಾತರಾದ ಅಸಂಖ್ಯಾತ ಗಾಯಕರು ತಮ್ಮ ಹಾಡುಗಳನ್ನು ಇಟ್ಟಿದ್ದರು. ೨೦೧೯ರ ಮಾರ್ಚಿಯಲ್ಲಿ ಆ ಸಂಸ್ಥೆಯು, ಸರ್ವರುಗಳ ಸ್ಥಾನಾಂತರಕಾರ್ಯದ ಪರಿಣಾಮವಾಗಿ ಮೂರು ವರ್ಷಗಳಿಗಿಂತ ಹಿಂದೆ ಸೇರಿಸಿದ ಚಿತ್ರಗಳೂ ಧ್ವನಿಮುದ್ರಣಗಳೂ ಇನ್ನು ದೊರೆಯಲಾರವೆಂದು ಒಪ್ಪಿಕೊಂಡಿತು. ನಷ್ಟವಾದ ಹಾಡುಗಳು ೫ ಕೋಟಿಗಳಿಗೆ ಕಡಮೆಯಿರಲಾರವೆಂದು ಆಗಿನ ವರದಿಗಳಲ್ಲಿ ಅಂದಾಜು ಮಾಡಿದ್ದರು. ಮುಂದಿನ ತಿಂಗಳಲ್ಲಿ ಇಂಟರ್‌ನೆಟ್ ಆರ್ಕೈವ್ ಸುಮಾರು ೪,೯೦,೦೦೦ ಹಾಡುಗಳನ್ನು ಪ್ರಕಟಿಸಿತು. ವಿದ್ಯಾಸಂಸ್ಥೆಗೆ ಸೇರಿದ ಕೆಲವು ಸಂಶೋಧಕರು ೨೦೦೮ರಿಂದ ೨೦೧೦ರವರೆಗೆ ತಮ್ಮ ಅಧ್ಯಯನಕ್ಕಾಗಿ ಅವನ್ನು ಪ್ರತಿಮಾಡಿಕೊಂಡಿದ್ದರು. ಅಂದಾಜನ್ನು ಒಪ್ಪುವುದಾದರೆ ಉಳಿದುದು ನೂರರಲ್ಲಿ ಒಂದು ಪಾಲು.

ಇಲ್ಲಿ ಆದ ದೋಷವೇನು? ಹೊಸ ಸ್ಥಾನದಲ್ಲಿ ಎಲ್ಲವೂ ಸರಿಯಾಗಿರುವುದೆಂದು ಸ್ಥಿರಪಡುವುದಕ್ಕೆ ಮುಂಚೆ ಹಳೆಯ ಸ್ಥಾನವನ್ನು ಕಳೆದುಕೊಂಡುದು. ಪ್ರತ್ಯೇಕವಾದ ಮೂರನೆಯ ಪ್ರತಿಯನ್ನು ಇಡದಿದ್ದುದು. ಪ್ರತಿಯೆಂಬ ಮಾತಿನ ಅರ್ಥವನ್ನು ತಿಳಿಯದೆಯೂ ಮೋಸಹೋಗುವುದುಂಟು. ಜರ್ನಲ್‌ಸ್ಪೇಸ್ ಎಂಬ ತಾಣವು ಸಾವಿರಾರು ಜನರ ದಿನಚರಿಗಳಿಗೆ ಆಶ್ರಯವಾಗಿದ್ದಿತು. ಅಲ್ಲಿ ಎರಡು ತಟ್ಟೆಗಳಿದ್ದು ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಒಡನೆಯೇ ಮೂಡುತ್ತಿದ್ದಿತು; ಇದನ್ನೇ ಅವರು ರಕ್ಷೆಯೆಂದು ನಂಬಿದ್ದರು. ೨೦೦೮ನೆಯ ವರ್ಷದ ಕೊನೆಯಲ್ಲಿ ಒಂದರಲ್ಲಿದ್ದುದು ಅಳಿಯಲು, ಅಳಿವೂ ಎರಡನೆಯದರಲ್ಲಿ ಮೂಡಿತು. ೨೦೦೯ರ ಆರಂಭದಲ್ಲಿ ತಾಣವು ಮುಚ್ಚಿಹೋಯಿತು. ಕನ್ನಡಿಯಲ್ಲಿ ಕಾಣುವುದು ಪ್ರತಿಬಿಂಬವೇ ಹೊರತು ಪ್ರತಿಯಲ್ಲ. ಬಿಂಬವು ನಾಶವಾದರೆ ಅದೂ ಇಲ್ಲ.

೬

ಬರಹವು ಪೂರ್ಣವಾಗಿ ತಲುಪಿದರೂ ಅಕ್ಷರಗಳು ಕೆಡಬಹುದು. ಇದು ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ. ಯಂತ್ರವು ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಅರಿಯುವುದು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಲೋಕಸಾಮಾನ್ಯ ಸಂಕೇತದಲ್ಲಿ ಮೊದಲಿನಿಂದಲೂ ಕನ್ನಡಕ್ಕೆ ಸ್ಥಾನವಿದೆ. ೧೯೯೨ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬವರು ನಿರ್ಮಿಸಿದ ಯುಟಿಎಫ್-೮ ಎಂಬ ಬರೆವಣಿಗೆಯ ಕ್ರಮದಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಅಂಕಿಗಳು ಬೇಕು; ಕಕಾರಕ್ಕೆ ೨೨೪, ೧೭೮, ೧೪೯. ಹೊಸ ಆತಿಥೇಯನ ದತ್ತಸಂಚಯವು ಇವನ್ನು ಪಶ್ಚಿಮ ಯೂರೋಪಿನ ಲಿಪಿಯೆಂದು ಭಾವಿಸಿ ಓದಿದರೆ ಒಂದು ಕಕಾರದ ಸ್ಥಾನದಲ್ಲಿ ಮೂರು ವಿಲಕ್ಷಣ ಚಿಹ್ನೆಗಳು ತೋರುವುವು. ಮೈಎಸ್‌ಕ್ಯೂಎಲ್ ಎಂಬ ಪ್ರಸಿದ್ಧ ದತ್ತಸಂಚಯವು ೨೦೧೮ರಲ್ಲಿ ಎಂಟನೆಯ ಆವೃತ್ತಿ ಬರುವವರೆಗೂ, ಬೇರೆ ವಿಧಿಸದಿದ್ದಲ್ಲಿ, ಆ ಯೂರೋಪಿನ ಲಿಪಿಯನ್ನೇ ಗ್ರಹಿಸುತ್ತಿದ್ದಿತು. ಇಂಗ್ಲಿಷ್ ಬರಹದಲ್ಲಿ ಈ ದೋಷವು ಅಷ್ಟಾಗಿ ಕಾಣದು. ಕನ್ನಡದಲ್ಲಿ ಪುಟವೇ ಅಪಾಠ್ಯವಾಗುವುದು. ಹಾಗೆ ಕೆಟ್ಟುದನ್ನು ಮರಳಿ ಉಳಿಸಿದರೆ ದೋಷವು ಇಮ್ಮಡಿಸಿ, ಮೂಲವನ್ನು ಉದ್ಧರಿಸುವುದು ಪ್ರಯಾಸವಾಗುವುದು.

ಇದಲ್ಲದೆ ವರ್ಡ್‌ಪ್ರೆಸ್ ಮೊದಲಾದ ತಂತ್ರಗಳಲ್ಲಿ ತಾಣವು ಎರಡು ಕಡೆ ಹರಡಿರುವುದು: ಮಾತುಗಳು ದತ್ತಸಂಚಯದಲ್ಲಿ, ಚಿತ್ರಗಳು ಕಡತಗಳಲ್ಲಿ. ಒಂದನ್ನು ಒಯ್ದು ಇನ್ನೊಂದನ್ನು ಮರೆತರೆ ತಲುಪಿದುದು ಅರ್ಧಗ್ರಂಥ. ಕೆಲವು ದತ್ತಾಂಶಗಳಲ್ಲಿ ಪ್ರತಿಯೊಂದು ಪದಪುಂಜದ ಹಿಂದೆ ಅದರ ಉದ್ದವನ್ನೂ ನಮೂದಿಸಿರುವರು. ಹಳೆಯ ವಿಳಾಸವನ್ನು ತೆಗೆದು ಹೊಸದನ್ನು ಸೇರಿಸುವಾಗ ಈ ಸಂಖ್ಯೆಯನ್ನು ತಿದ್ದದಿದ್ದರೆ ಯಂತ್ರವು ಆ ಭಾಗವನ್ನು ಅಶುದ್ಧವೆಂದು ತಳ್ಳಿಬಿಡುವುದು.

ಈ ಎಣಿಕೆಯ ಪದ್ಧತಿಯು ನಮ್ಮವರಿಗೆ ಅಪರಿಚಿತವಲ್ಲ. ವೇದದ ಅನುಕ್ರಮಣಿಗಳಲ್ಲಿ ಸೂಕ್ತಗಳನ್ನೂ ಋಕ್ಕುಗಳನ್ನೂ ಎಣಿಸಿಟ್ಟಿರುವರು. ಓಲೆಯ ಪ್ರತಿಗಳ ಕೊನೆಯಲ್ಲಿ ಮೂವತ್ತೆರಡು ಅಕ್ಷರಗಳನ್ನು ಒಂದು ಗ್ರಂಥವೆಂದು ಗಣಿಸಿ ಗ್ರಂಥಸಂಖ್ಯೆಯನ್ನು ಬರೆಯುವ ವಾಡಿಕೆಯಿದ್ದಿತು. ಅದು ಲೇಖಕನ ಕೂಲಿಗೂ ಪಾಠದ ಪೂರ್ಣತೆಗೂ ಏಕಕಾಲದಲ್ಲಿ ಪ್ರಮಾಣವಾಗುತ್ತಿದ್ದಿತು. ಇಂದಿನ ಯಂತ್ರಜ್ಞರು ಕಡತದ ಅಂಕಿಗಳೆಲ್ಲವನ್ನೂ ಗಣಿತದಿಂದ ಅರೆದು ಒಂದು ಚಿಕ್ಕ ಮುದ್ರಾಸಂಖ್ಯೆಯನ್ನು ಪಡೆಯುವರು. ರೊನಾಲ್ಡ್ ರಿವೆಸ್ಟನು ೧೯೯೨ರಲ್ಲಿ ಪ್ರಕಟಿಸಿದ ಎಂಡಿ-೫ ಈ ಜಾತಿಯದು. ಹಳೆಯ ಕಡತಕ್ಕೂ ಹೊಸದಕ್ಕೂ ಮುದ್ರೆ ಒಂದೇ ಆಗಿದ್ದರೆ ಸಾಗಣೆಯಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ನಂಬಬಹುದು. ೧೯೯೬ರಲ್ಲಿ ಆಂಡ್ರೂ ಟ್ರಿಜೆಲ್, ಪಾಲ್ ಮೆಕೆರಸ್ ಎಂಬವರು ಆಸ್ಟ್ರೇಲಿಯಾದಲ್ಲಿ ರಚಿಸಿದ ಆರ್‌ಸಿಂಕ್ ಎಂಬ ತಂತ್ರವು ಇಂತಹ ಮುದ್ರೆಗಳನ್ನು ಹೋಲಿಸಿ, ವ್ಯತ್ಯಾಸವಿರುವ ಭಾಗಗಳನ್ನು ಮಾತ್ರ ಸಾಗಿಸುವುದು.

೭

ನಿರಪಾಯವಾದ ಸ್ಥಾನಾಂತರಕ್ಕೆ ವಿಕಿಪೀಡಿಯದ ಚರಿತ್ರೆಯು ಉತ್ತಮವಾದ ಉದಾಹರಣೆ. ಅದೂ ಮೊದಲಿನಿಂದ ನಿರ್ದುಷ್ಟವಾಗಿರಲಿಲ್ಲ. ೨೦೦೧ರ ಜನವರಿ ೧೫ರಂದು ಅದು ಆರಂಭವಾದಾಗ ಬಳಸುತ್ತಿದ್ದ ತಂತ್ರವು ಲೇಖನಗಳ ಹಳೆಯ ಪಾಠಗಳನ್ನು ಕೆಲವು ಕಾಲದ ಮೇಲೆ ತ್ಯಜಿಸುತ್ತಿದ್ದಿತು. ತಂತ್ರವನ್ನು ೨೦೦೨ರಲ್ಲಿ ಬದಲಾಯಿಸಿದರೂ ಮೊದಲಿನ ತಿಂಗಳುಗಳ ಚರಿತ್ರೆಯು ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದರು. ೨೦೧೦ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞನು ಹಳೆಯ ಕಡತಗಳ ನಡುವೆ ಮೊದಲ ಏಳು ತಿಂಗಳುಗಳ ಪ್ರತಿಯನ್ನು ಕಂಡುಹಿಡಿದನು. ಅಟ್ಟದ ಮೇಲಿನ ಕಟ್ಟಿನಲ್ಲಿ ಲುಪ್ತಗ್ರಂಥವು ದೊರೆತಂತಾಯಿತು.

೨೦೧೩ರ ಜನವರಿ ೨೨ರಂದು ವಿಕಿಪೀಡಿಯವು ಫ್ಲಾರಿಡಾದ ಟ್ಯಾಂಪಾ ನಗರದಿಂದ ವರ್ಜೀನಿಯಾದ ಆಶ್‌ಬರ್ನಿಗೆ ತನ್ನ ಮುಖ್ಯಸ್ಥಾನವನ್ನು ಬದಲಾಯಿಸಿತು. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವೂ ಇತರ ಭಾಷೆಗಳೊಡನೆ ಅದೇ ಯಂತ್ರಗಳಲ್ಲಿ ಇರುವುದಾದುದರಿಂದ ಅದೂ ಅಂದು ಪ್ರಯಾಣಮಾಡಿತು. ವಿಳಾಸದಲ್ಲಿ ಒಂದಕ್ಷರವೂ ವ್ಯತ್ಯಾಸವಾಗಲಿಲ್ಲ. ಕಾರಣ ಸ್ಪಷ್ಟ: ದತ್ತಸಂಚಯದ ಪ್ರತಿಯನ್ನು ಹೊಸ ಸ್ಥಾನದಲ್ಲಿ ಮುಂಚೆಯೇ ಸಿದ್ಧಪಡಿಸಿದ್ದರು, ಬದಲಾಯಿಸುವ ಗಳಿಗೆಯಲ್ಲಿ ಬರೆಯುವುದನ್ನು ನಿಲ್ಲಿಸಿ ಓದುವುದಕ್ಕೆ ಮಾತ್ರ ಅವಕಾಶವಿತ್ತರು, ಟ್ಯಾಂಪಾವನ್ನು ಕೂಡಲೇ ಕೆಡವದೆ ಆಪತ್ಕಾಲಕ್ಕೆಂದು ಉಳಿಸಿಕೊಂಡರು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಟೆಕ್ಸಾಸಿನಲ್ಲಿ ಇನ್ನೊಂದು ಸ್ಥಾನವನ್ನು ಕಟ್ಟಿ, ೨೦೧೬ರ ಏಪ್ರಿಲಿನಲ್ಲಿ ಎರಡು ದಿನಗಳ ಮಟ್ಟಿಗೆ ಸಕಲವನ್ನೂ ಅಲ್ಲಿಗೆ ಒಯ್ದು ಮರಳಿ ತಂದರು. ಆಪತ್ತೇನೂ ಇರಲಿಲ್ಲ, ಅಭ್ಯಾಸವೇ ಉದ್ದೇಶ. ಆ ಮೊದಲ ಸಲ ಬರೆಯುವುದನ್ನು ಮುಕ್ಕಾಲು ಗಂಟೆಯಷ್ಟು ಕಾಲ ನಿಲ್ಲಿಸಬೇಕಾಯಿತು. ಅದೇ ಪ್ರಯೋಗವನ್ನು ಪುನಃ ಪುನಃ ಮಾಡುತ್ತ ಬಂದು ೨೦೨೧ರ ಹೊತ್ತಿಗೆ ಆ ವಿರಾಮವು ಸುಮಾರು ಎರಡು ನಿಮಿಷಗಳಿಗೆ ಇಳಿಯಿತು. ವೇದಾಧ್ಯಯನದಲ್ಲಿ ಆವೃತ್ತಿಯೇ ರಕ್ಷೆಯಾಗಿರುವಂತೆ ಇಲ್ಲಿಯೂ ಆವೃತ್ತಿಯೇ ರಕ್ಷೆಯಾಯಿತು.

೮

ಮೇಲಣ ದೃಷ್ಟಾಂತಗಳಿಂದ ಸ್ಥಾನಾಂತರದ ಕ್ರಮವು ತಾನಾಗಿಯೇ ಸಿದ್ಧಿಸುವುದು. ಮೊದಲು, ಹೆಸರು ಒಡೆಯನದಾಗಿರಬೇಕು. ಎರಡನೆಯದಾಗಿ, ಮಾತುಗಳನ್ನೂ ಚಿತ್ರಗಳನ್ನೂ ಒಳಗೊಂಡ ಪೂರ್ಣಪ್ರತಿಯು ಹಳೆಯ ಆತಿಥೇಯನಲ್ಲಿಯೂ ಅಲ್ಲ, ಹೊಸಬನಲ್ಲಿಯೂ ಅಲ್ಲ, ಒಡೆಯನ ಸ್ವಂತ ವಶದಲ್ಲಿರಬೇಕು. ಮೂರನೆಯದಾಗಿ, ಹೊಸ ಸ್ಥಾನದಲ್ಲಿ ಬರಹವನ್ನಿಟ್ಟು, ಹೆಸರನ್ನು ಇನ್ನೂ ತಿರುಗಿಸದೆ, ಎಣಿಕೆಯನ್ನೂ ಅಕ್ಷರಶುದ್ಧಿಯನ್ನೂ ಪರೀಕ್ಷಿಸಬೇಕು. ನಾಲ್ಕನೆಯದಾಗಿ, ನಾಮದ ಆಯುಸ್ಸನ್ನು ಮುಂಚೆಯೇ ಇಳಿಸಿಟ್ಟು, ಹೊಸ ಬರೆವಣಿಗೆಯನ್ನು ನಿಲ್ಲಿಸಿ, ಆಮೇಲೆ ಹೆಸರನ್ನು ತಿರುಗಿಸಬೇಕು. ಪುಟದ ವಿಳಾಸ ಬದಲಾಗಿದ್ದರೆ ೩೦೧ರ ಸೂಚನೆಯನ್ನು ಬಿಟ್ಟಿರಬೇಕು. ಹಳೆಯ ಮನೆಯನ್ನು ಬಿಡುವುದು ಎಲ್ಲಕ್ಕಿಂತ ಕಡೆಯ ಕೆಲಸ. ಒಂದು ತಿಂಗಳ ಬಾಡಿಗೆ ವ್ಯರ್ಥವಾದರೂ ಚಿಂತೆಯಿಲ್ಲ.

ಮೈಸ್ಪೇಸಿನಲ್ಲಿ ಹಾಡಿದವರಾಗಲಿ, ಜರ್ನಲ್‌ಸ್ಪೇಸಿನಲ್ಲಿ ಬರೆದವರಾಗಲಿ ಯಾವ ತಪ್ಪನ್ನೂ ಮಾಡಿರಲಿಲ್ಲ. ತಮ್ಮ ಕೃತಿಯನ್ನು ಇನ್ನೊಬ್ಬನು ಕಾಯುವನೆಂದು ನಂಬಿದ್ದರು, ಅಷ್ಟೆ. ದೊಡ್ಡ ಸಂಸ್ಥೆಗಳ ನಡುವೆ ಬರಹವನ್ನು ಉಳಿಸಿದವರು ಅನೇಕ ವೇಳೆ ತಮಗಾಗಿ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡ ಸಾಮಾನ್ಯರೇ ಆಗಿರುವರು. ಕನ್ನಡದಲ್ಲಿಯೂ ಈಗ ಕಥೆ, ವಿಮರ್ಶೆ, ಊರಿನ ಚರಿತ್ರೆ, ವೃದ್ಧರ ನೆನಪುಗಳು ಬಾಡಿಗೆಯ ಯಂತ್ರಗಳಲ್ಲಿ ನೆಲಸಿವೆ. ಅವುಗಳಲ್ಲಿ ಎಷ್ಟಕ್ಕೋ ಮುದ್ರಿತ ಪ್ರತಿಯಿಲ್ಲ. ಮನೆ ಬದಲಾಯಿಸುವ ದಿನವು ಒಂದಲ್ಲ ಒಂದು ಬಾರಿ ಅವಕ್ಕೂ ಬರುವುದು. ಓಲೆಯ ಕಾಲದ ಲೇಖಕನು ಮೂಲವನ್ನು ಎದುರಿಗಿಟ್ಟುಕೊಂಡು, ಬರೆದು ಮುಗಿಸಿ, ತಿದ್ದಿ, ಎಣಿಸಿ, ಅನಂತರವೇ ಹಳೆಯ ಕಟ್ಟನ್ನು ಕಟ್ಟಿಡುತ್ತಿದ್ದನು. ಉಪಕರಣವು ಬದಲಾದರೂ ಈ ಕ್ರಮವು ಬದಲಾಗಬೇಕಾದ ಕಾರಣವು ಕಾಣದು.